7 ಕೆಜಿ, 16 ದಿನ ಮತ್ತು ಅಮ್ಮನ ಉಪ್ಪಿನಕಾಯಿ

ಪ್ರಶ್ನೆ: ನಮಸ್ಕಾರ ಮೇಡಂ. ನನಗೆ 24 ವರ್ಷ. ಡಿಸೆಂಬರ್ ಕೊನೆಯಲ್ಲಿ ಗೆಳತಿಯ ಜೊತೆ 16 ದಿನ ವಿಯೆಟ್ನಾಂಗೆ ಹೊರಟಿದ್ದೇನೆ. ಹನೋಯ್‌ನಲ್ಲಿ ಇಳಿದು, ಸಾಪಾ ನೋಡಿಕೊಂಡು, ರೈಲಿನಲ್ಲಿ ದಕ್ಷಿಣಕ್ಕೆ ಬಂದು ಹೋ ಚಿ ಮಿನ್ ಸಿಟಿಯಿಂದ ವಾಪಸ್. ವಿದೇಶಕ್ಕೆ ಇದೇ ಮೊದಲು. ನಮ್ಮ ಟಿಕೆಟ್‌ನಲ್ಲಿ 7 ಕೆಜಿ ಕ್ಯಾಬಿನ್ ಬ್ಯಾಗಿಗೆ ಮಾತ್ರ ಅವಕಾಶ. ಅಮ್ಮ ಆಗಲೇ ಮಂಚದ ಮೇಲೆ ರಾಶಿ ಹಾಕಿದ್ದಾರೆ: ದಪ್ಪ ಸ್ವೆಟರ್, ಶಾಲು, ಹೊದಿಕೆ, ಎರಡು ಟವೆಲ್, ದಿನಕ್ಕೊಂದು ಜೊತೆ ಬಟ್ಟೆ, ಮಾವಿನಕಾಯಿ ಉಪ್ಪಿನಕಾಯಿ, ಕೊಬ್ಬರಿ-ಬೆಲ್ಲ. ನಾನು ಸಸ್ಯಾಹಾರಿ. ಬೇಡ ಅಂದರೆ ಅವರ ಮುಖ ಸಣ್ಣದಾಗುತ್ತದೆ. ಏನು ಬಿಡಲಿ, ಏನು ಒಯ್ಯಲಿ?
— ಹೆಸರು ಬೇಡ, ವಿಜಯನಗರ

ಉತ್ತರ: ಮೊದಲು ದಿನದ ಲೆಕ್ಕ ಬಿಡಿ. 16 ದಿನಕ್ಕೆ 16 ಜೊತೆ ಅನ್ನುವುದು ಮದುವೆ ಮನೆಗೆ ಹೊರಟವರ ಲೆಕ್ಕ. ನೀವು ಕೇಳಿಕೊಳ್ಳಬೇಕಾದದ್ದು ಒಂದೇ: ಒಗೆದ ಬಟ್ಟೆ ಒಣಗಲು ಎಷ್ಟು ಹೊತ್ತು ಬೇಕು? ಒಂದು ರಾತ್ರಿಯಲ್ಲಿ ಒಣಗುವ ಬಟ್ಟೆಯಾದರೆ ಮೂರು ಜೊತೆ ಸಾಕು. ಮೈಮೇಲೊಂದು, ಹಗ್ಗದ ಮೇಲೊಂದು, ಬ್ಯಾಗಿನಲ್ಲೊಂದು. 16 ದಿನಕ್ಕೂ ಅದೇ ಮೂರು, 60 ದಿನಕ್ಕೂ ಅದೇ ಮೂರು.

ಇದನ್ನು ನಾನು ಕಲಿತದ್ದು ನೀವು ಹೊರಟಿರುವ ದಾರಿಯಲ್ಲೇ. 2016ರ ಜನವರಿ, ನನ್ನ ಮೊದಲ ವಿದೇಶ ಪ್ರವಾಸ, ಬೆನ್ನ ಮೇಲೆ 14 ಕೆಜಿ. ಹನೋಯ್‌ನ ಹಳೆಯ ಪೇಟೆಯ ಮನೆಗಳು ಕೊಳವೆಯ ಹಾಗೆ: ಮುಂಭಾಗ ಕಿರಿದು, ಒಳಗೆ ಉದ್ದಕ್ಕೂ ಉದ್ದ, ಮೆಟ್ಟಿಲು ಏಣಿಯಷ್ಟು ಕಡಿದು. ನಮ್ಮ ಕೋಣೆ ನಾಲ್ಕನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಮೂರನೇ ಮಹಡಿಯಲ್ಲಿ ಗೋಡೆಗೆ ಒರಗಿ ನಿಂತುಬಿಟ್ಟಿದ್ದೆ. ಅದನ್ನಾದರೂ ಮರೆಯಬಹುದು, ಹುಯೆ ಊರಿನ ಆ ಬೆಳಿಗ್ಗೆಯನ್ನು ಮರೆಯಲು ಆಗಿಲ್ಲ. ರೈಲು ಇಳಿದಾಗ ಸಣ್ಣಗೆ ಮಳೆ. ಮುಂದಿನ ಬಸ್ಸಿಗೆ ನಾಲ್ಕು ಗಂಟೆ ಸಮಯವಿತ್ತು. ನದಿಯ ಆಚೆ ದಡದಲ್ಲಿ ನುಯೆನ್ ಅರಸರ ಕೋಟೆ. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತಿದ್ದವಳು ನಾನು. 1968ರ ಯುದ್ಧದಲ್ಲಿ ಆ ಕೋಟೆಯ ಒಳಗೆ ಬೀದಿ ಬೀದಿಯಲ್ಲೂ ಕಾದಾಡಿದ್ದನ್ನು ಎಷ್ಟೋ ವರ್ಷ ಬೋರ್ಡಿನ ಮುಂದೆ ನಿಂತು ಹೇಳಿದ್ದೆ. ಸೇತುವೆ ದಾಟಿ ನಡೆದಿದ್ದರೆ ಮುಕ್ಕಾಲು ಗಂಟೆಯೊಳಗೆ ಅಲ್ಲಿರುತ್ತಿದ್ದೆ. ಆ ಬ್ಯಾಗ್ ಹೊತ್ತು ಮಳೆಯಲ್ಲಿ ನಡೆಯಲು ಧೈರ್ಯ ಬರಲಿಲ್ಲ. ನಿಲ್ದಾಣದ ಬೆಂಚಿನ ಮೇಲೆ ಬ್ಯಾಗ್ ಕಾಯುತ್ತ ಕೂತೆ. ಆ ಕೋಟೆಯನ್ನು ಇವತ್ತಿಗೂ ನೋಡಿಲ್ಲ. ಒಯ್ದಿದ್ದ ಒಂಬತ್ತು ಕುರ್ತಾಗಳಲ್ಲಿ ನಾಲ್ಕು ಇಸ್ತ್ರಿ ಮಡಿಕೆ ಮುರಿಯದೆ ಮನೆಗೆ ವಾಪಸ್ ಬಂದವು.

ಇನ್ನು ನಿಮ್ಮ ರಾಶಿಗೆ ಬರೋಣ. ಹೊದಿಕೆ ಬೇಡ. ಹಾಸ್ಟೆಲ್‌ಗಳಲ್ಲಿ ರಜಾಯಿ ಕೊಡುತ್ತಾರೆ, ರೈಲಿನ ಮಲಗುವ ಬೋಗಿಯಲ್ಲೂ ಕೊಡುತ್ತಾರೆ. ಜೀನ್ಸ್ ಕೂಡ ಬೇಡ. ಮುಕ್ಕಾಲು ಕೆಜಿ ತೂಗುತ್ತದೆ, ಹನೋಯ್‌ನ ಡಿಸೆಂಬರ್ ತೇವದಲ್ಲಿ ಎರಡು ದಿನವಾದರೂ ಸೊಂಟದ ಪಟ್ಟಿ ಹಸಿಯಾಗಿಯೇ ಇರುತ್ತದೆ.

ಚಳಿಯ ಬಗ್ಗೆ ಅಮ್ಮ ಹೆದರುವುದರಲ್ಲಿ ಅರ್ಥವಿದೆ, ಅದನ್ನು ತಳ್ಳಿಹಾಕಬೇಡಿ. ವಿಯೆಟ್ನಾಂ ಉದ್ದನೆಯ ದೇಶ, ಹನೋಯ್‌ನಿಂದ ಹೋ ಚಿ ಮಿನ್ ಸಿಟಿಗೆ ರೈಲು ದಾರಿಯೇ 1,726 ಕಿ.ಮೀ. ನೀವು ಒಂದೇ ಪ್ರವಾಸದಲ್ಲಿ ಮೂರು ಹವೆ ದಾಟುತ್ತೀರಿ. ಸಾಪಾ ಸುಮಾರು 1,500 ಮೀಟರ್ ಎತ್ತರದ ಬೆಟ್ಟದೂರು, ಡಿಸೆಂಬರ್ ರಾತ್ರಿ ಊಟಿಯ ಚಳಿಯನ್ನೇ ನೆನೆಯಿರಿ. ಮಧ್ಯದ ಹುಯೆ, ಹೋಯಿ ಆನ್ ಕಡೆ ಆ ತಿಂಗಳೂ ಮಳೆ ಬಿಟ್ಟಿರುವುದಿಲ್ಲ. ಹೋ ಚಿ ಮಿನ್ ಸಿಟಿಯಲ್ಲಿ ನಮ್ಮ ಏಪ್ರಿಲ್ ಸೆಕೆ. ದಪ್ಪ ಸ್ವೆಟರ್ ಮೊದಲ ಐದು ದಿನ ಉಪಯೋಗಕ್ಕೆ ಬಂದು, ಉಳಿದ ಹನ್ನೊಂದು ದಿನ ಬೆನ್ನ ಮೇಲಿನ ಹೊರೆಯಾಗುತ್ತದೆ. ಬದಲಿಗೆ ತೆಳ್ಳಗಿನವನ್ನು ಒಂದರ ಮೇಲೊಂದು ಹಾಕಿ: ಒಳಗೆ ಥರ್ಮಲ್, ಮೇಲೆ ತುಂಬು ತೋಳಿನ ಅಂಗಿ, ಅದರ ಮೇಲೆ ತೆಳು ಫ್ಲೀಸ್, ಎಲ್ಲಕ್ಕಿಂತ ಮೇಲೆ ಮಳೆ ಜಾಕೆಟ್. ಗಾಳಿ ತಡೆದರೆ ಅರ್ಧ ಚಳಿ ಹೋದ ಹಾಗೆಯೇ. ಅಷ್ಟಾದ ಮೇಲೂ ಸಾಲದು ಅನಿಸಿದರೆ ಹನೋಯ್‌ನ ಹಳೆಯ ಪೇಟೆಯಲ್ಲೇ ಜಾಕೆಟ್ ಕೊಳ್ಳಬಹುದು, ಅಂಗಡಿಗಳು ಸಾಲಾಗಿವೆ.

ಟವೆಲ್ ಎರಡೂ ಬಿಡಿ. ಅಜ್ಜನ ಕಾಲದ ಪಾಣಿಪಂಚೆ ಮನೆಯಲ್ಲಿ ಇದ್ದೇ ಇರುತ್ತದೆ, ಇಲ್ಲದಿದ್ದರೆ ಚಿಕ್ಕಪೇಟೆಯಲ್ಲಿ ಸಿಗುತ್ತದೆ. ನಮ್ಮ ಮನೆಯ ಸ್ನಾನದ ಟವೆಲ್ ಅಡುಗೆ ತಕ್ಕಡಿಯಲ್ಲಿ 520 ಗ್ರಾಂ ತೂಗಿತು, ಪಾಣಿಪಂಚೆ 130 ಗ್ರಾಂ. ತಲೆ ಒರೆಸಿ ಕಿಟಕಿಗೆ ಹಾಕಿದರೆ ತಿಂಡಿ ಮುಗಿಸಿ ಬರುವಷ್ಟರಲ್ಲಿ ಒಣಗಿರುತ್ತದೆ. ದೇವಸ್ಥಾನ, ಪಗೋಡಗಳಲ್ಲಿ ಭುಜಕ್ಕೂ ಹೊದೆಯಬಹುದು.

ಅದರ ದೊಡ್ಡ ಉಪಯೋಗ ಬಟ್ಟೆ ಒಗೆದ ಮೇಲೆ. ರಾತ್ರಿ ಸ್ನಾನದ ಜೊತೆಗೇ ಅವತ್ತಿನ ಬಟ್ಟೆಯನ್ನು ಸಿಂಕಿನಲ್ಲಿ ಒಗೆಯಿರಿ. ಅರ್ಧ ತುಂಡು ಬಟ್ಟೆ ಸೋಪು ಹದಿನಾರು ದಿನಕ್ಕೆ ಧಾರಾಳ. ಕೈಯಲ್ಲಿ ಹಿಂಡಿ, ಒಣ ಪಾಣಿಪಂಚೆಯನ್ನು ಮಂಚದ ಮೇಲೆ ಹಾಸಿ, ಅದರ ಮೇಲೆ ಟೀ ಶರ್ಟ್ ಬಿಡಿಸಿಟ್ಟು, ಎರಡನ್ನೂ ಸೇರಿಸಿ ಚಾಪೆಯ ಹಾಗೆ ಬಿಗಿಯಾಗಿ ಸುತ್ತಿ. ಒಂದು ತುದಿ ಮಂಡಿಯ ಕೆಳಗೆ ಒತ್ತಿ ಹಿಡಿದು, ಇನ್ನೊಂದು ತುದಿ ತಿರುಚಿ. ನೀರೆಲ್ಲ ಪಂಚೆಗೆ ಬರುತ್ತದೆ. ಬಿಡಿಸಿ ನೋಡಿದರೆ ಟೀ ಶರ್ಟ್ ತಣ್ಣಗೆ ಇರುತ್ತದೆ, ತೊಟ್ಟಿಕ್ಕುವುದಿಲ್ಲ. ಹತ್ತಿಗಿಂತ ಪಾಲಿಯೆಸ್ಟರ್ ಬೇಗ ಒಣಗುತ್ತದೆ, ಆಟದವರು ಹಾಕುವ ಬಗೆಯದು. ಸಾಪಾದ ಮಂಜಿನಲ್ಲಿ ಅದೂ ಒಣಗದೆ ಇರಬಹುದು. ಅಲ್ಲಿ ಚಿಂತೆ ಬೇಡ, ಪ್ರವಾಸಿಗರು ಹೋಗುವ ಊರುಗಳಲ್ಲೆಲ್ಲ ಕಿಲೋ ಲೆಕ್ಕದಲ್ಲಿ ಬಟ್ಟೆ ಒಗೆದು ಒಣಗಿಸಿ ಕೊಡುವ ಅಂಗಡಿಗಳಿವೆ.

ಒಳಉಡುಪು ಐದು ಜೊತೆ, ಕಾಲುಚೀಲ ಮೂರು. ಶೂ ಕಾಲಲ್ಲಿ, ಚಪ್ಪಲಿ ಬ್ಯಾಗಿನಲ್ಲಿ. ಮುಟ್ಟಿನ ದಿನಗಳಿಗೆ ಎರಡು ದಿನಕ್ಕಾಗುವಷ್ಟು ಪ್ಯಾಡ್ ಸಾಕು, ಅಲ್ಲಿ ಸಣ್ಣ ಅಂಗಡಿಯಲ್ಲೂ ಸಿಗುತ್ತದೆ.

ದ್ರವದ ನಿಯಮ ಅಮ್ಮನಿಗೂ ಓದಿ ಹೇಳಿ. ಕ್ಯಾಬಿನ್‌ಗೆ ಒಯ್ಯುವ ಪ್ರತಿ ಬಾಟಲಿ 100 ಮಿ.ಲೀ. ಒಳಗಿರಬೇಕು, ಎಲ್ಲ ಸೇರಿ ಒಂದು ಲೀಟರಿನ ಪಾರದರ್ಶಕ ಚೀಲದಲ್ಲಿ ಹಿಡಿಯಬೇಕು. 200 ಮಿ.ಲೀ. ಬಾಟಲಿಯಲ್ಲಿ ತಳದಲ್ಲಿ ಚೂರು ಶಾಂಪೂ ಇದ್ದರೂ ಬಿಡುವುದಿಲ್ಲ, ನೋಡುವುದು ಬಾಟಲಿಯ ಅಳತೆಯನ್ನು. ಎಣ್ಣೆಯಲ್ಲಿ ತೇಲುವ ಉಪ್ಪಿನಕಾಯಿಯೂ ಅವರ ಕಣ್ಣಿಗೆ ದ್ರವವೇ. ಖಾರದ ಪುಡಿಯನ್ನೂ ಕೈಚೀಲದಿಂದ ತೆಗೆಸುತ್ತಾರೆ. ಕೊಬ್ಬರಿಯಂತೂ ಖಂಡಿತ ಬೇಡ. ಅದರಲ್ಲಿ ಎಣ್ಣೆಯಂಶ ಹೆಚ್ಚು, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದು ಎಂದು ವಿಮಾನ ನಿಯಮಗಳಲ್ಲಿ ಅದನ್ನು ಅಪಾಯದ ವಸ್ತುಗಳ ಸಾಲಿಗೆ ಸೇರಿಸಿದ್ದಾರೆ. ತಲೆಗೆ ಹಾಕುವ ಕೊಬ್ಬರಿ ಎಣ್ಣೆಯನ್ನು 30 ಮಿ.ಲೀ. ಪುಟ್ಟ ಬಾಟಲಿಗೆ ಬಗ್ಗಿಸಿಕೊಳ್ಳಿ. 24 ಡಿಗ್ರಿಗಿಂತ ಕೆಳಗೆ ಅದು ಹೆಪ್ಪುಗಟ್ಟುತ್ತದೆ, ಹನೋಯ್‌ನಲ್ಲಿ ಬಾಟಲಿಯನ್ನು ಬಿಸಿನೀರಿನಲ್ಲಿ ಇಟ್ಟು ತೆಗೆಯಬೇಕಾಗುತ್ತದೆ. ಪವರ್ ಬ್ಯಾಂಕ್ ಯಾವತ್ತೂ ಕ್ಯಾಬಿನ್‌ನಲ್ಲೇ. 100 ವ್ಯಾಟ್-ಅವರ್ ಮಿತಿ, 20,000 ಎಂಎಎಚ್ ಇರುವುದು ಸುಮಾರು 74 ಆಗುತ್ತದೆ. ನಿಮಗೆ 10,000 ಸಾಕು. ನಮ್ಮ ಎರಡು ಪಿನ್ನಿನ ಮೊಬೈಲ್ ಚಾರ್ಜರ್ ಅಲ್ಲಿ ಹಾಗೆಯೇ ಕೂರುತ್ತದೆ, ಅಡಾಪ್ಟರ್ ಕೊಳ್ಳಬೇಡಿ.

ಈಗ ಅಮ್ಮನ ವಿಷಯ. ಬೇಡ ಎಂದು ಒಂದೊಂದನ್ನೇ ವಾಪಸ್ ಕೊಡಬೇಡಿ, ಅವರಿಗೆ ಒಂದು ಕೆಲಸ ಒಪ್ಪಿಸಿ. ಗೊಜ್ಜವಲಕ್ಕಿ ಮಾಡಿಕೊಡಿ ಎಂದು ಕೇಳಿ. ದಪ್ಪ ಅವಲಕ್ಕಿಯನ್ನು ರವೆಯ ಹಾಗೆ ತರಿಯಾಗಿ ಪುಡಿ ಮಾಡಿ, ಬೆಚ್ಚಗೆ ಹುರಿಯಬೇಕು. ಹುಣಸೆಹಣ್ಣನ್ನು ನಾರು ಬೀಜ ತೆಗೆದು ಬಾಣಲೆಯಲ್ಲಿ ಗರಿಗರಿಯಾಗುವ ತನಕ ಹುರಿದು, ಸಾರಿನ ಪುಡಿ, ಉಪ್ಪು, ಬೆಲ್ಲದ ಪುಡಿಯ ಜೊತೆ ಬೀಸಿ ಅದಕ್ಕೆ ಬೆರೆಸಬೇಕು. ಒಗ್ಗರಣೆಗೆ ಕಡಲೆಕಾಯಿ ಬೀಜ, ಕಡಲೆಬೇಳೆ, ಕರಿಬೇವು, ಎಣ್ಣೆ ಕಡಿಮೆ. ಕೊಬ್ಬರಿ ತುರಿ ಹಾಕಬೇಡಿ, ಕಮಟು ಬರುತ್ತದೆ. ಹಾಸ್ಟೆಲಿನಲ್ಲಿ ಬಿಸಿನೀರು ಸಿಗುತ್ತದೆ. ಲೋಟಕ್ಕೆ ಅರ್ಧ ಹಾಕಿ, ಮುಳುಗುವಷ್ಟು ಬಿಸಿನೀರು ಸುರಿದು ಐದು ನಿಮಿಷ ಮುಚ್ಚಿಡಿ. ಅರ್ಧ ಕೆಜಿ ಒಯ್ದರೆ ಎಂಟು ಹೊತ್ತಿಗೆ ಆಗುತ್ತದೆ. ಉಳಿದ ಹೊತ್ತಿಗೆ ‘ಚಾಯ್’ ಎಂದು ಬೋರ್ಡ್ ಇರುವ ಹೋಟೆಲ್ ಹುಡುಕಿ, ಅಲ್ಲಿನ ಭಾಷೆಯಲ್ಲಿ ಅದು ಸಸ್ಯಾಹಾರ. ‘ತೋಯ್ ಆನ್ ಚಾಯ್’ ಅಂದರೆ ನಾನು ಸಸ್ಯಾಹಾರಿ. ಬೇರೆ ಕಡೆ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ, ಕೇಳಿಯೇ ತಿನ್ನಿ.

ಎರಡನೇ ಸಲ ನಾನು ಹೊರಟಾಗ ನನ್ನಮ್ಮನಿಗೆ 74. ಹನುಮಂತನಗರದ ನಮ್ಮ ರಸ್ತೆ ತುದಿಯ ಹಳೇ ಪೇಪರ್ ಅಂಗಡಿಗೆ ಬ್ಯಾಗ್ ಸಮೇತ ಅವರನ್ನೂ ಕರೆದುಕೊಂಡು ಹೋದೆ. ಅಂಗಡಿಯವರು ಪೇಪರ್ ಕಟ್ಟು ಇಳಿಸಿ, ತಕ್ಕಡಿಯ ಮೇಲೆ ಬ್ಯಾಗ್ ಇಟ್ಟರು. 9 ಕೆಜಿ 300 ಗ್ರಾಂ. ಅಮ್ಮ ಅಂಕಿ ನೋಡಿದರು, ನನ್ನ ಭುಜ ನೋಡಿದರು. ಅಲ್ಲೇ ಪೇಪರ್ ರಾಶಿಯ ಮೇಲೆ ಕೂತು ಜಿಪ್ ತೆಗೆದು, ತಾವೇ ಇಟ್ಟಿದ್ದ ಶಾಲು, ಸ್ಟೀಲ್ ಡಬ್ಬಿ, ಎರಡನೇ ಪ್ಯಾಂಟು ಒಂದೊಂದಾಗಿ ಹೊರಗೆ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. ನೀವೂ ನಿಮ್ಮಮ್ಮನನ್ನು ಕರೆದುಕೊಂಡು ಹೋಗಿ. ಮೇಲೆ ಹೇಳಿದ್ದನ್ನೆಲ್ಲ ನಾನು ತೂಗಿ ನೋಡಿದ್ದೇನೆ. ಖಾಲಿ ಬ್ಯಾಗ್ 1 ಕೆಜಿ 200, ಪಾಣಿಪಂಚೆಯೂ ಸೇರಿ ಬಟ್ಟೆ 2 ಕೆಜಿ 580, ಚಪ್ಪಲಿ 400, ಸೋಪು-ಔಷಧಿ 700, ಚಾರ್ಜರ್-ಕಾಗದಪತ್ರ 650, ಅವಲಕ್ಕಿ ಮತ್ತು ಖಾಲಿ ನೀರಿನ ಬಾಟಲಿ 650. ಒಟ್ಟು 6 ಕೆಜಿ 180 ಗ್ರಾಂ. ಉಳಿದ 820 ಗ್ರಾಂ ಹಾಗೆಯೇ ಬಿಡಿ, ವಾಪಸ್ ಬರುವಾಗ ಅಮ್ಮನಿಗೆ ಏನಾದರೂ ತರಬೇಕಲ್ಲ.

ಹೊರಡುವ ಎರಡು ವಾರ ಮೊದಲೇ ಬ್ಯಾಗ್ ಕಟ್ಟಿ, ಮೂರು ದಿನ ಮನೆಯಲ್ಲೇ ಅದರಿಂದ ಬದುಕಿ ನೋಡಿ. ಬೀರು ತೆಗೆಯಕೂಡದು. ಒಂದು ಭಾನುವಾರ ಬ್ಯಾಗ್ ಹೊತ್ತು ವಿಜಯನಗರದಿಂದ ಮೆಜೆಸ್ಟಿಕ್‌ಗೆ ಮೆಟ್ರೋದಲ್ಲಿ ಬಂದು, ಎಸ್ಕಲೇಟರ್ ಬಿಟ್ಟು ಮೆಟ್ಟಿಲು ಹತ್ತಿ, ಚಿಕ್ಕಪೇಟೆಯ ಜನಜಂಗುಳಿಯಲ್ಲಿ ಕೆ.ಆರ್. ಮಾರ್ಕೆಟ್ ತನಕ ನಡೆಯಿರಿ. ಎಲ್ಲಿ ಒತ್ತುತ್ತದೆ, ಯಾವುದು ತಳದಲ್ಲಿ ಸಿಕ್ಕಿಕೊಂಡು ಕೈಗೆ ಬರುವುದಿಲ್ಲ, ಎಲ್ಲ ಗೊತ್ತಾಗುತ್ತದೆ. ಹುಯೆಯಲ್ಲಿ ಇಳಿದರೆ ದಯವಿಟ್ಟು ಆ ಸೇತುವೆ ದಾಟಿ. ಕೋಟೆ ಹೇಗಿದೆ ಎಂದು ನನಗೆ ಬರೆಯಿರಿ.

ಪ್ರಶ್ನೆ: ವಯಸ್ಸು 61. ಹತ್ತು ದಿನ ಶ್ರೀಲಂಕಾಕ್ಕೆ ನಾವಿಬ್ಬರೇ ಹೋಗಬೇಕೆಂದಿದ್ದೇವೆ. ನನಗೆ ಬಿಪಿ, ಮನೆಯವರಿಗೆ ಇನ್ಸುಲಿನ್. ಈ ವಯಸ್ಸಿನಲ್ಲಿ ಬೆನ್ನಿಗೆ ಬ್ಯಾಗ್ ಸರಿಯೇ?
— ಓದುಗರು, ಮಲ್ಲೇಶ್ವರಂ

ಉತ್ತರ: ಖಂಡಿತ ಸರಿ, ತಲೆಗೆ 5 ಕೆಜಿ ಮೀರದಿದ್ದರೆ. ಮಂಡಿ ನೋವಿದ್ದರೆ ಸಣ್ಣ ಚಕ್ರದ ಪೆಟ್ಟಿಗೆ ತೆಗೆದುಕೊಳ್ಳಿ, ಅದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ. ಇನ್ಸುಲಿನ್ ಮಾತ್ರ ಯಾವ ಕಾರಣಕ್ಕೂ ಲಗೇಜಿಗೆ ಹಾಕಬೇಡಿ. ಅಲ್ಲಿ ಅದು ಹೆಪ್ಪುಗಟ್ಟಿ ಕೆಡಬಹುದು, ಪೆಟ್ಟಿಗೆಯೇ ತಡವಾಗಿ ಬರಬಹುದು. ಕೈಚೀಲದಲ್ಲಿ ಇರಲಿ, ಜೊತೆಗೆ ವೈದ್ಯರ ಚೀಟಿ ಇರಲಿ. ಚೀಟಿಯಲ್ಲಿ ಬ್ರ್ಯಾಂಡಿನ ಹೆಸರಲ್ಲದೆ ಔಷಧಿಯ ಮೂಲ ಹೆಸರನ್ನೂ ಬರೆಸಿಕೊಳ್ಳಿ, ಬೇರೆ ದೇಶದ ಅಂಗಡಿಯವರಿಗೆ ಗೊತ್ತಾಗುವುದು ಅದು. ಮಾತ್ರೆಗಳನ್ನು ಡಬ್ಬಿಗೆ ಸುರಿಯದೆ ಸ್ಟ್ರಿಪ್‌ನಲ್ಲೇ ಒಯ್ಯಿರಿ, ನಾಲ್ಕು ದಿನದ್ದು ಹೆಚ್ಚಿಗೆ ಇರಲಿ, ಅರ್ಧ ನಿಮ್ಮ ಹತ್ತಿರ, ಅರ್ಧ ಮನೆಯವರ ಹತ್ತಿರ. ನುವಾರ ಎಲಿಯಕ್ಕೆ ಹೋಗುವುದಾದರೆ ತಲೆಗೊಂದು ಸ್ವೆಟರ್ ಬೇಕು, 1,868 ಮೀಟರ್ ಎತ್ತರ ಅದು.

ಪ್ರಶ್ನೆ: ಗೆಳೆಯ 60 ಲೀಟರ್ ಬ್ಯಾಗ್ ಸುಮ್ಮನೆ ಕೊಡುತ್ತಾನೆ. ತೆಗೆದುಕೊಳ್ಳಲೇ, ಹೊಸದು ಕೊಳ್ಳಲೇ?
— ವಿದ್ಯಾರ್ಥಿ, ಕೆಂಗೇರಿ

ಉತ್ತರ: ಬೇಡ ಅನ್ನಿ. ಜಾಗ ಇದ್ದರೆ ಕೈ ತುಂಬುತ್ತಲೇ ಹೋಗುತ್ತದೆ, ಕ್ಯಾಬಿನ್‌ಗೂ ಅದು ಹಿಡಿಯುವುದಿಲ್ಲ. ನಮ್ಮ ವಿಮಾನಗಳು ಸಾಮಾನ್ಯವಾಗಿ ಒಪ್ಪುವುದು 55, 35, 25 ಸೆಂ.ಮೀ. ಅಳತೆಯ ಬ್ಯಾಗನ್ನು. 35ರಿಂದ 40 ಲೀಟರ್ ನೋಡಿ. ಅಂಗಡಿಯಲ್ಲಿ ಖಾಲಿ ಬ್ಯಾಗ್ ಹಾಕಿಕೊಂಡು ಕನ್ನಡಿ ನೋಡಬೇಡಿ. ಮನೆಯಿಂದ ಐದು ಕೆಜಿ ಅಕ್ಕಿ ಚೀಲ ಒಯ್ದು, ಅದನ್ನು ಒಳಗಿಟ್ಟು ಹದಿನೈದು ನಿಮಿಷ ಅಂಗಡಿಯಲ್ಲೇ ಓಡಾಡಿ. ಸೊಂಟದ ಪಟ್ಟಿ ಹೊಟ್ಟೆಯ ಮೇಲಲ್ಲ, ಸೊಂಟದ ಮೂಳೆಯ ಮೇಲೆ ಕೂರಬೇಕು. ಮೊದಲು ಅದನ್ನು ಬಿಗಿದು, ಆಮೇಲೆ ಭುಜದ ಪಟ್ಟಿ ಎಳೆಯಿರಿ. ಭುಜದ ಪಟ್ಟಿಯ ಕೆಳಗೆ ಎರಡು ಬೆರಳು ಸಲೀಸಾಗಿ ಹೋದರೆ ಭಾರ ಸೊಂಟಕ್ಕೆ ಇಳಿದಿದೆ ಎಂದು ಅರ್ಥ, ಆ ಬ್ಯಾಗ್ ತೆಗೆದುಕೊಳ್ಳಿ.