ಸಕ್ಕರೆ ಇಳಿಸಿದ ಜಾಮಿಗೆ ಬೂಷ್ಟು ಏಕೆ?

ಪತ್ರ: ಮನೆಯವರಿಗೆ ಡಾಕ್ಟರು ಸಿಹಿ ಕಡಿಮೆ ಮಾಡಿ ಎಂದಿದ್ದಾರೆ. ಬನವಾಸಿ ಅನಾನಸಿನ ಜಾಮನ್ನು ಅರ್ಧ ಸಕ್ಕರೆಗೆ ಮಾಡಿ ಕಪಾಟಿನಲ್ಲಿಟ್ಟೆ. ನೀರುನೀರಾಗಿತ್ತು, ಹನ್ನೆರಡನೇ ದಿನ ಬೂಷ್ಟು ಹಿಡಿಯಿತು. ಜೋನಿ ಬೆಲ್ಲ (ನೀರಾಗಿರುವ ಬೆಲ್ಲ) ಹಾಕಿದರೆ ಆದೀತೇ? ಜಾಮ್ ತಿನ್ನುವುದನ್ನೇ ಬಿಡಬೇಕೇ?
– ಓದುಗರು, ಶಿರಸಿ

ಸಂಪಾದಕರ ಉತ್ತರ: ಖಂಡಿತ ಬಿಡಬೇಕಿಲ್ಲ. ಆದರೆ ಸಕ್ಕರೆ ಇಳಿಸಿದ ಜಾಮಿಗೆ ಕಪಾಟು ಆಗಿಬರುವುದಿಲ್ಲ. ಸಕ್ಕರೆ ಹಣ್ಣಿನ ನೀರನ್ನು ಹಿಡಿದಿಟ್ಟು ಬೂಷ್ಟಿಗೆ ಸಿಗದ ಹಾಗೆ ಮಾಡುತ್ತದೆ. ಹುಳಿಯ ಜತೆ ಸೇರಿ ಹಣ್ಣಿನ ಪೆಕ್ಟಿನ್, ಅಂದರೆ ಜಾಮಿಗೆ ಹದ ಕೊಡುವ ಅಂಟು, ಗಟ್ಟಿಯಾಗಲೂ ಅದೇ ಬೇಕು. ಅದಕ್ಕೇ ಅಂಗಡಿ ಜಾಮಿನಲ್ಲಿ ಕರಗಿದ ಘನಾಂಶ, ಅಂದರೆ ಬಹುಪಾಲು ಸಕ್ಕರೆ, ಶೇ. 65ಕ್ಕಿಂತ ಕಡಿಮೆ ಇರಬಾರದೆಂಬ ನಿಯಮವಿದೆ. ಅನಾನಸಿನಲ್ಲಂತೂ ಪೆಕ್ಟಿನ್ ಮೊದಲೇ ಕಡಿಮೆ.

ಆ ಕೊರತೆಯನ್ನು ಪೇರಲ ತುಂಬುತ್ತದೆ. ಇನ್ನೂ ಗಟ್ಟಿಯಿರುವ ನಾಲ್ಕು ಪೇರಲ ಹೆಚ್ಚಿ, ಮುಳುಗುವಷ್ಟು ನೀರಿನಲ್ಲಿ ಬೇಯಿಸಿ, ಜರಡಿಯಲ್ಲಿ ತಿಕ್ಕಿ 250 ಗ್ರಾಂ ತಿರುಳು ತೆಗೆದುಕೊಳ್ಳಿ. ಸಿಪ್ಪೆ, ಕಣ್ಣು, ದಿಂಡು ತೆಗೆದು ಸಣ್ಣಗೆ ಕೊಚ್ಚಿದ ಅನಾನಸು 1 ಕೆಜಿ, ಸಕ್ಕರೆ 250 ಗ್ರಾಂ, ಲಿಂಬೆ ಒಂದು. ಸ್ಟೀಲ್ ಪಾತ್ರೆಯೇ ಆಗಲಿ, ಅಲ್ಯೂಮಿನಿಯಂ ಹುಳಿಗೆ ಕರಗುತ್ತದೆ. ಖಾಲಿ ಪಾತ್ರೆಯ ತೂಕ ಬರೆದಿಟ್ಟುಕೊಳ್ಳಿ. ಅನಾನಸು ಮೆತ್ತಗೆ ಬೆಂದ ಮೇಲೆ ತಿರುಳು, ಸಕ್ಕರೆ ಹಾಕಿ ದೊಡ್ಡ ಉರಿಯಲ್ಲಿ ಕೈಬಿಡದೆ ತೊಳಸಿ. ಗುಳ್ಳೆಗಳು ದಪ್ಪಗಾಗಿ ಲೊಟಕ್ ಲೊಟಕ್ ಎಂದು ಸಿಡಿಯತೊಡಗಿದಾಗ ತೂಗಿ. ಜಾಮ್ 900 ಗ್ರಾಂಗೆ ಇಳಿದಿದ್ದರೆ ಲಿಂಬೆ ಹಿಂಡಿ, ಎರಡು ನಿಮಿಷ ಬಿಟ್ಟು ಇಳಿಸಿ. ಇದು ಅಂಗಡಿಯದರಷ್ಟು ಗಟ್ಟಿಯಾಗುವುದಿಲ್ಲ, ಸವರಲು ಹದವಾಗಿರುತ್ತದೆ. ಇನ್ನೂ ಕುದಿಸಿದರೆ ತಳ ಹಿಡಿದು ಪರಿಮಳ ಹೋಗುತ್ತದೆ.

ಕುದಿನೀರಿನಲ್ಲಿ 10 ನಿಮಿಷ ಇಟ್ಟು ಒಣಗಿಸಿದ ಸಣ್ಣ ಬಾಟಲಿಗಳಿಗೆ ಬಿಸಿಯಲ್ಲೇ ತುಂಬಿ. ಎರಡು ವಾರಕ್ಕಾಗುವಷ್ಟನ್ನು ಫ್ರಿಜ್ಜಿನಲ್ಲಿಡಿ. ಉಳಿದದ್ದು ಪೂರ್ತಿ ತಣಿದ ಮೇಲೆ ಡಬ್ಬಿಯಲ್ಲಿ ಫ್ರೀಜರಿಗೆ ಹೋಗಲಿ. ಒದ್ದೆ ಚಮಚ ತಾಗಿಸಬೇಡಿ. ಬೂಷ್ಟು ಕಂಡರೆ ಮೇಲಿನದಷ್ಟೇ ತೆಗೆದು ತಿನ್ನುವ ರೂಢಿ ನಮ್ಮಲ್ಲಿದೆ, ದಯವಿಟ್ಟು ಬೇಡ. ಅದರ ಎಳೆಗಳು ಕಣ್ಣಿಗೆ ಕಾಣದೆ ಒಳಗಿಳಿದಿರುತ್ತವೆ, ಪೂರ್ತಿ ಚೆಲ್ಲಿಬಿಡಿ.

ಜೋನಿ ಬೆಲ್ಲದ ರುಚಿ ಚೆಂದ, ಆದರೆ ಅದೂ ಸಕ್ಕರೆಯೇ, ಜತೆಗೆ ನೀರನ್ನೂ ತರುತ್ತದೆ.

ಇನ್ನು ತಿನ್ನುವ ಅಳತೆ. ಅಂಗಡಿ ಜಾಮ್ ದೊಡ್ಡ ಚಮಚಕ್ಕೆ, ಅಂದರೆ 20 ಗ್ರಾಂಗೆ, ಸುಮಾರು 13 ಗ್ರಾಂ ಸಕ್ಕರೆ. ಈ ಜಾಮಿನಲ್ಲಿ ಹಣ್ಣಿನದೂ ಸೇರಿ ಸುಮಾರು 8. ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆಯಂತೆ, 2000 ಕ್ಯಾಲೊರಿ ತಿನ್ನುವವರಿಗೆ ಸೇರಿಸಿದ ಸಕ್ಕರೆ ದಿನಕ್ಕೆ 50 ಗ್ರಾಂ ದಾಟಬಾರದು, 25ರೊಳಗಿದ್ದರೆ ಮತ್ತೂ ಒಳ್ಳೆಯದು. ಚಹಾದ ಸಕ್ಕರೆಯೂ ಇದರೊಳಗೇ ಬಂತು. ಮನೆಯವರ ಮಿತಿಯನ್ನು ಅವರ ಡಾಕ್ಟರನ್ನೇ ಕೇಳಿಕೊಳ್ಳಿ. ಮೈದಾ ಬ್ರೆಡ್ಡಿನ ಬದಲು ರಾಗಿ ದೋಸೆಗೆ ಒಂದೇ ಚಮಚ ಸವರಿ, ಮೇಲೆ ಹಸಿ ಕಾಯಿತುರಿ ಉದುರಿಸಿ ಕೊಡಿ. ಆ ಹೊತ್ತಿನ ಚಹಾಕ್ಕೆ ಸಕ್ಕರೆ ಬೇಡ.