ಟಿ.ವಿ. ನಿಂತರೆ ಗಂಜಿ ಕೆನ್ನೆಯಲ್ಲೇ

ಪ್ರಶ್ನೆ: ಟೀಚರ್, ನಾವು ಮಂಗಳೂರಿನ ಬಿಜೈಯಲ್ಲಿ ಬಾಡಿಗೆ ಮನೆಯಲ್ಲಿದ್ದೇವೆ. ಗಂಡ ದುಬೈಯಲ್ಲಿದ್ದಾರೆ. ನಾನು ಇನ್ನೂರು ಜನರಿರುವ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮಗಳಿಗೆ ಒಂದು ವರ್ಷ ಹತ್ತು ತಿಂಗಳು. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಡೇ ಕೇರ್‌ನಲ್ಲಿರುತ್ತಾಳೆ. ಮೊನ್ನೆ ಚೀಲದಲ್ಲಿ ಡಯಾಪರ್ ಹಾಕಲು ಮರೆತಿದ್ದರಿಂದ ಮಧ್ಯಾಹ್ನ ಹೇಳದೆ ಹೋದೆ. ಹತ್ತೊಂಬತ್ತು ಮಕ್ಕಳು ಟಿ.ವಿ. ಎದುರು ಸಾಲಾಗಿ ಕುಳಿತಿದ್ದರು. ಇಬ್ಬರು ಅಕ್ಕಂದಿರು ಒಂದೊಂದೇ ಬಾಯಿಗೆ ಚಮಚ ಇಡುತ್ತಾ ಸಾಗುತ್ತಿದ್ದರು. ಅಷ್ಟರಲ್ಲಿ ಜಾಹೀರಾತು ಬಂತು. ಮಗಳು ಜಗಿಯುವುದನ್ನು ನಿಲ್ಲಿಸಿಬಿಟ್ಟಳು. ಗಂಜಿ ಕೆನ್ನೆಯಲ್ಲಿ ಹಾಗೆಯೇ ಉಬ್ಬಿಕೊಂಡಿತ್ತು. ಅಕ್ಕ ರಿಮೋಟ್ ಒತ್ತಿ ಹಾಡು ಮತ್ತೆ ಶುರುವಾದ ಮೇಲೆಯೇ ನುಂಗಿದಳು. ಬಾಗಿಲಲ್ಲಿ ನಿಂತ ನನ್ನನ್ನು ಅವಳು ನೋಡಲೇ ಇಲ್ಲ.

ಅಂದಿನಿಂದ ನಿದ್ದೆ ಇಲ್ಲ. ದೂರಿದರೆ ನಾನಿಲ್ಲದ ಹೊತ್ತಿನಲ್ಲಿ ಮಗುವಿನ ಮೇಲೆ ಸಿಟ್ಟು ತೀರಿಸಿಕೊಂಡರೆ ಎಂಬ ಭಯ. ಆದರೆ ಅದೇ ಅಕ್ಕನೆಂದರೆ ಮಗಳಿಗೆ ಪ್ರಾಣ. ಬೆಳಿಗ್ಗೆ ನನ್ನ ಸೊಂಟದಿಂದಲೇ ಅವರತ್ತ ಹಾರುತ್ತಾಳೆ. ಬ್ರಹ್ಮಾವರದಿಂದ ಅತ್ತೆ ದಿನಾ ಫೋನ್ ಮಾಡಿ, "ಟಿ.ವಿ. ನೋಡಿದರೆ ಆಟಿಸಂ ಬರುತ್ತದಂತೆ, ಮಗುವನ್ನು ಇಲ್ಲಿ ತಂದುಬಿಡು" ಎನ್ನುತ್ತಾರೆ. ನಿಜ ಹೇಳಬೇಕೆಂದರೆ ದೋಸೆ ಎರೆಯುವಾಗ ನಾನೂ ಮೊಬೈಲ್ ಕೊಡುತ್ತೇನೆ. ಕೇಳಲು ನನಗೇನು ಹಕ್ಕಿದೆ? ಡೇ ಕೇರ್ ಬದಲಿಸಲೇ, ಕೆಲಸ ಬಿಡಲೇ, ಸುಮ್ಮನಿರಲೇ?
— ಒಬ್ಬ ತಾಯಿ, ಮಂಗಳೂರು

ಉತ್ತರ: ಸದ್ಯಕ್ಕೆ ಈ ಮೂರೂ ಬೇಡ. ಮೊದಲು ಮಗಳ ಊಟದ ಡಬ್ಬಿಯ ವಿಷಯ ಮಾತಾಡೋಣ.

ನಾನು ಉಡುಪಿಯಲ್ಲಿ ಬಾಲವಾಡಿ ನಡೆಸಿದವಳು, ಒಂದೆರಡು ವರ್ಷವಲ್ಲ, ಮಂಡಿ ನೋವು ಬರುವಷ್ಟು ಕಾಲ. ಹಾಗಾಗಿ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಟಿ.ವಿ.ಗಿಂತ ಮೊದಲು ಚಮಚದ ಮೇಲೆ ಬಿತ್ತು. ಎರಡು ವರ್ಷದೊಳಗಿನ ಮಗುವಿಗೆ ಒಂದು ಬಟ್ಟಲು ಕುಚ್ಚಲಕ್ಕಿ ಗಂಜಿ ಉಣಿಸಲು ಇಪ್ಪತ್ತು ನಿಮಿಷವಾದರೂ ಬೇಕು, ಮಗು ಸಮಾಧಾನದಲ್ಲಿದ್ದರೆ. ಹತ್ತೊಂಬತ್ತು ಮಕ್ಕಳಿಗೆ ಆರು ಗಂಟೆಗೂ ಮಿಕ್ಕಿತು. ಇಬ್ಬರಿಗೆ ಹಂಚಿದರೆ ತಲಾ ಮೂರು ಗಂಟೆ. ನಡುವೆ ಒಬ್ಬ ಉಚ್ಚೆ ಹೊಯ್ಯುತ್ತಾನೆ, ಇನ್ನೊಬ್ಬಳು ಪಕ್ಕದವನ ಕೂದಲು ಹಿಡಿಯುತ್ತಾಳೆ. ಟಿ.ವಿ. ಹಾಕಿದರೆ ಹತ್ತು ಬಾಯಿ ಒಟ್ಟಿಗೆ ತೆರೆಯುತ್ತವೆ, ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯುತ್ತದೆ.

ಅಷ್ಟು ಅವಸರ ಏಕೆ ಎಂದರೆ, ಡಬ್ಬಿ ಖಾಲಿಯಾಗಿ ಮನೆಗೆ ಮರಳಬೇಕು. ನಿಮ್ಮ ಡೇ ಕೇರ್‌ಗೂ ಒಂದು ವಾಟ್ಸ್‌ಆ್ಯಪ್ ಗುಂಪು ಇದ್ದೇ ಇರುತ್ತದೆ. ಸಂಜೆ ಏಳರ ಹೊತ್ತಿಗೆ ಅದರಲ್ಲಿ "ಇವತ್ತು ಅರ್ಧ ಊಟ ಉಳಿದಿದೆಯಲ್ಲ?" ಎಂದು ಒಬ್ಬರು ಕೇಳುತ್ತಾರೆ. ಉಳಿದವರೂ ಡಬ್ಬಿ ತೆರೆದು ನೋಡತೊಡಗುತ್ತಾರೆ. "ಇವತ್ತು ನನ್ನ ಮಗುವಿನೊಡನೆ ಎಷ್ಟು ಮಾತಾಡಿದಿರಿ?" ಎಂದು ಅದೇ ಗುಂಪಿನಲ್ಲಿ ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಡಬ್ಬಿಗೆ ಲೆಕ್ಕವಿದೆ, ಮಾತಿಗೆ ಲೆಕ್ಕವಿಲ್ಲ. ಕೈಕೆಳಗೆ ದುಡಿಯುವವರು ಯಾವುದಕ್ಕೆ ಲೆಕ್ಕ ಕೊಡಬೇಕೋ ಅದನ್ನೇ ಮಾಡುತ್ತಾರೆ. ಅಲ್ಲಿ ಟಿ.ವಿ. ಹಾಕಿಸಿದವರು ತಾಯಂದಿರೇ ಎಂದರೆ ನೀವು ಬೇಸರಿಸಿಕೊಳ್ಳಬೇಡಿ.

ನಾನೂ ಹಾಕಿದವಳೇ. ಪಾಲಕರೊಬ್ಬರು ಮನೆಗೆ ಹೊಸತು ಕೊಂಡು ಹಳೆಯ ಟಿ.ವಿ.ಯನ್ನು ನಮ್ಮ ಬಾಲವಾಡಿಗೆ ದಾನ ಕೊಟ್ಟರು. ಜುಲೈ ತಿಂಗಳು, ಹೊರಗೆ ಕಾಲಿಡುವಂತಿಲ್ಲ, ಆಯಾ ಬೇರೆ ರಜೆ. ಹಾಕಿದೆ. ಎಷ್ಟೋ ವರ್ಷಗಳ ನಂತರ ಆ ದಿನ ಚಹಾ ಬಿಸಿಯಿರುವಾಗಲೇ ಕುಡಿದೆ, ಆ ರುಚಿ ಇನ್ನೂ ನೆನಪಿದೆ. ಮರುದಿನವೂ ಹಾಕಿದೆ, ಅದರ ಮರುದಿನವೂ. ನನ್ನ ವಿವೇಕ ಎಚ್ಚೆತ್ತು ಅದನ್ನು ನಿಲ್ಲಿಸಿತು ಎಂದು ಬರೆದರೆ ಸುಳ್ಳಾಗುತ್ತದೆ. ಮಿಂಚಿಗೆ ಟಿ.ವಿ. ಸುಟ್ಟುಹೋಯಿತು. ಎರಡು ದಿನ ಮಕ್ಕಳು ರಂಪ ಮಾಡಿದರು. ಮೂರನೆಯ ದಿನ ತಟ್ಟೆಗೆ ಚಮಚ ಬಡಿದು ಚೆಂಡೆ ಬಾರಿಸುತ್ತಾ ಉಂಡರು. ರಿಪೇರಿಗೆ ಕೊಡುವ ಮನಸ್ಸಾಗಲಿಲ್ಲ.

ಇಷ್ಟು ಹೇಳಿದ್ದರಿಂದ ಅಕ್ಕಂದಿರ ಪಕ್ಷ ವಹಿಸಿ ನಿಮ್ಮ ಆತಂಕವನ್ನು ತಳ್ಳಿಹಾಕುತ್ತಿದ್ದೇನೆ ಎಂದುಕೊಳ್ಳಬೇಡಿ. ಆತಂಕ ನ್ಯಾಯವಾದದ್ದೇ. ಎರಡು ವರ್ಷ ತುಂಬದ ಮಕ್ಕಳಿಗೆ ಟಿ.ವಿ., ಮೊಬೈಲ್ ಬೇಡವೇ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಅದಕ್ಕೂ ಕಡಿಮೆಯಾದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಮ್ಮ ದೇಶದ ಮಕ್ಕಳ ವೈದ್ಯರ ಸಂಘಟನೆಯಾದ ಭಾರತೀಯ ಶಿಶುವೈದ್ಯ ಅಕಾಡೆಮಿಯ ಸಲಹೆಯೂ ಹೆಚ್ಚುಕಡಿಮೆ ಅದೇ. ಎರಡು ವರ್ಷದೊಳಗಿನವರಿಗೆ ಅದು ಕೊಡುವ ಒಂದೇ ರಿಯಾಯಿತಿ, ಆಗೊಮ್ಮೆ ಈಗೊಮ್ಮೆ ನೆಂಟರೊಡನೆ ವಿಡಿಯೊ ಕರೆ.

ಈ ರಿಯಾಯಿತಿಯ ಹಿಂದೆ ಕಾರಣವಿದೆ, ಅದು ನಿಮ್ಮ ಮನೆಗೇ ಸಂಬಂಧಿಸಿದ್ದು. ಪೆಟ್ರೀಷಿಯಾ ಕೂಲ್ ಎಂಬ ವಿಜ್ಞಾನಿ ಮತ್ತು ಅವರ ಜೊತೆಗಾರರು ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿ 2003ರಲ್ಲಿ ಪ್ರಕಟಿಸಿದರು. ಇಂಗ್ಲಿಷ್ ಮಾತ್ರ ಕೇಳಿ ಬೆಳೆಯುತ್ತಿದ್ದ ಒಂಬತ್ತು ತಿಂಗಳ ಕೂಸುಗಳೊಡನೆ ಚೀನಾದ ಮ್ಯಾಂಡರಿನ್ ಭಾಷೆಯವರು ಹನ್ನೆರಡು ಸಲ ಕುಳಿತು ಪುಸ್ತಕ ಓದಿದರು, ಆಟಿಕೆ ತೋರಿಸಿ ಮಾತಾಡಿದರು. ಆ ಕೂಸುಗಳು ಮ್ಯಾಂಡರಿನ್ ಭಾಷೆಯ ಧ್ವನಿಗಳನ್ನು ಬೇರ್ಪಡಿಸಿ ಗುರುತಿಸಲು ಕಲಿತವು. ಅದೇ ಜನ, ಅದೇ ಮಾತು, ಅದೇ ಆಟಿಕೆಗಳನ್ನು ಟಿ.ವಿ.ಯಲ್ಲಿ ಕಂಡ ಕೂಸುಗಳು ಏನೂ ಕಲಿಯಲಿಲ್ಲ. ಮಗು "ಆ" ಎಂದರೆ ಎದುರಿಗಿದ್ದವರು "ಹೌದಾ?" ಎನ್ನಬೇಕು, ಅದು ಬೆರಳು ತೋರಿಸಿದತ್ತ ತಿರುಗಿ ನೋಡಬೇಕು. ಟಿ.ವಿ. ಎಷ್ಟು ಚೆಂದದ ಹಾಡು ಹಾಡಿದರೂ ಮಗಳು ತೋರಿಸಿದ ಕಾಗೆಯನ್ನು ನೋಡುವುದಿಲ್ಲ. ದುಬೈಯಲ್ಲಿರುವ ಅಪ್ಪ ನೋಡುತ್ತಾರೆ, ಕೂಗಿದರೆ ಓಗೊಡುತ್ತಾರೆ. ಆದ್ದರಿಂದ ಅಪ್ಪನ ಕರೆಯನ್ನು ಈ ಲೆಕ್ಕಕ್ಕೆ ಸೇರಿಸಿ ಕಡಿತಗೊಳಿಸಬೇಡಿ. ನಮ್ಮಲ್ಲಿ ರಾತ್ರಿ ಎಂಟೂವರೆ ಎಂದರೆ ಅಲ್ಲಿ ಏಳು ಗಂಟೆ. ಅವರಿಗೆ ಸಾಧ್ಯವಿದ್ದರೆ ಇನ್ನೂ ಸ್ವಲ್ಪ ಬೇಗ ಮಾಡಲಿ, ಮಲಗುವ ಹೊತ್ತಿಗೆ ಕಣ್ಣಿಗೆ ಬೆಳಕು ಬೇಡ.

ಆಟಿಸಂ ವಿಷಯ. ಅದು ಟಿ.ವಿ. ನೋಡಿದ್ದರಿಂದ ಅಂಟುವ ಕಾಯಿಲೆಯಲ್ಲ, ಮೆದುಳು ಬೆಳೆಯುವ ರೀತಿಯಲ್ಲೇ ಇರುವ ವ್ಯತ್ಯಾಸ. ಹೆಸರು ಕರೆದರೆ ಮಗಳು ತಿರುಗುತ್ತಾಳೆಯೇ, ಬೇಕಾದುದನ್ನು ಬೆರಳಿಟ್ಟು ತೋರಿಸುತ್ತಾಳೆಯೇ ಎಂದು ಟಿ.ವಿ. ಇಲ್ಲದ ಹೊತ್ತಿನಲ್ಲಿ ಗಮನಿಸಿ. ಅಕ್ಕನತ್ತ ಹಾರುವ ಮಗು ತಿರುಗುವುದಿಲ್ಲ ಎಂದು ನನಗೆ ಅನಿಸುವುದಿಲ್ಲ. ಸಂಶಯವಿದ್ದರೆ, ಎರಡು ವರ್ಷವಾಗುವಾಗಲೂ ಎರಡು ಪದ ಜೋಡಿಸಿ ಹೇಳದಿದ್ದರೆ, ಮಕ್ಕಳ ವೈದ್ಯರಿಗೆ ತೋರಿಸಿ, ಕಿವಿಯ ಪರೀಕ್ಷೆಯನ್ನೂ ಮಾಡಿಸಿ. ಇಷ್ಟೇ. ಅತ್ತೆಯವರಿಗೆ ಹೇಳುವ ಮೊದಲು ಅವರ ಮನೆಯಲ್ಲಿ ಸಂಜೆ ಆರರಿಂದ ಒಂಬತ್ತೂವರೆಯವರೆಗೆ ಧಾರಾವಾಹಿ ಓಡುತ್ತದೆಯೇ ಎಂದು ಮೆತ್ತಗೆ ವಿಚಾರಿಸಿಕೊಳ್ಳಿ. ಅಜ್ಜಿ ಮನೆಯ ಅಂಗಳ, ತೆಂಗಿನ ಕಟ್ಟೆ, ಕೋಳಿಮರಿ ಎಲ್ಲವೂ ಬೆಲೆ ಕಟ್ಟಲಾಗದ್ದೇ, ರಜೆಯಲ್ಲಿ ಧಾರಾಳವಾಗಿ ಹೋಗಲಿ. ಆದರೆ ವಾರಕ್ಕೊಮ್ಮೆ ಎಪ್ಪತ್ತು ಕಿಲೋಮೀಟರ್ ಬಸ್ಸಿನಲ್ಲಿ ಹೋಗಿ ಮಗಳ ಮುಖ ನೋಡಿ ಬರುವ ಬದುಕನ್ನು ಈ ಒಂದು ಕಾರಣಕ್ಕೆ ಆರಿಸಿಕೊಳ್ಳಬೇಡಿ.

ಇನ್ನು ನಿಮ್ಮ ಭಯ. ಪತ್ರದಲ್ಲಿ ನನಗೆ ಅತ್ಯಂತ ನೋವು ತಂದದ್ದು ಅದು. ಮಗುವನ್ನು ಒಪ್ಪಿಸಿದವರ ಬಳಿ ಮಾತಾಡಲು ತಾಯಿ ಹೆದರಬೇಕೇ? ಆದರೂ ಆ ಭಯ ಎಲ್ಲಿಂದ ಹುಟ್ಟುತ್ತದೆ ಎಂದು ಗೊತ್ತು. ಗುಂಪಿನಲ್ಲಿ ಎಲ್ಲರೆದುರು ಬರೆದರೆ, ಮಾಲಕರಿಗೆ ಅಕ್ಕನ ಮೇಲೆ ಚಾಡಿ ಹೇಳಿದರೆ, ಯಾರಾದರೂ ಮುಖ ಗಂಟಿಕ್ಕುತ್ತಾರೆ. ನೀವು ಹಾಗೆ ಮಾಡಬೇಡಿ. ಸಂಜೆ ಕರೆದುಕೊಂಡು ಹೋಗುವ ಗಡಿಬಿಡಿಯಲ್ಲೂ ಬೇಡ. ಶನಿವಾರವೋ ಮಕ್ಕಳು ಮಲಗಿದ ಹೊತ್ತೋ ನೋಡಿ ಹೋಗಿ. ಆ ಅಕ್ಕನ ಹತ್ತಿರ ಮೊದಲ ಮಾತು ಇದಾಗಿರಲಿ: "ಅಕ್ಕ, ಇನ್ನು ಮುಂದೆ ಇವಳ ಡಬ್ಬಿ ಅರ್ಧ ಉಳಿದರೂ ನಾನು ಕೇಳುವುದಿಲ್ಲ." ಅವರ ಭುಜ ಎರಡಿಂಚು ಇಳಿಯುವುದು ನಿಮಗೇ ಕಾಣಿಸುತ್ತದೆ. ಆಮೇಲೆ ಕೆನ್ನೆಯಲ್ಲಿ ಉಳಿದ ಗಂಜಿಯ ವಿಷಯ ಹೇಳಿ. ಆ ಮಗುವನ್ನು ದಿನಾ ಎತ್ತಿಕೊಳ್ಳುವವರಿಗೆ ಅದು ಅರ್ಥವಾಗದೆ ಇರದು.

ಎರಡನೆಯ ಮಾತು ಡಬ್ಬಿಯೊಳಗಿನದು. ಗಂಜಿ ಕಳುಹಿಸುವುದನ್ನು ನಿಲ್ಲಿಸಿ, ಅದನ್ನು ರಾತ್ರಿ ನೀವು ಕೊಡಿ. ಮಧ್ಯಾಹ್ನಕ್ಕೆ ಅವಳ ಬೆರಳಿಗೆ ಸಿಗುವಂಥದ್ದು ಹೋಗಲಿ: ನೀರುದೋಸೆಯ ಚೂರು, ಕೊಟ್ಟೆ ಕಡುಬಿನ ತುಂಡು, ಬೇಯಿಸಿದ ನೇಂದ್ರಬಾಳೆ, ಮೆತ್ತಗೆ ಬೆಂದ ಕ್ಯಾರೆಟ್, ಹಿಸುಕಿದ ಅನ್ನ ತೊವ್ವೆಯ ಸಣ್ಣ ಉಂಡೆ. ಇಡೀ ದ್ರಾಕ್ಷಿ, ನೆಲಗಡಲೆ, ಗೋಡಂಬಿ ಬೇಡ, ಈ ವಯಸ್ಸಿನಲ್ಲಿ ಗಂಟಲಿಗೆ ಸಿಕ್ಕಿಕೊಳ್ಳುತ್ತವೆ. ಮೀನು ತಿನ್ನುವ ಮನೆಯಾದರೆ ಅದು ಮನೆಯಲ್ಲೇ ಇರಲಿ. ಹತ್ತೊಂಬತ್ತು ಮಕ್ಕಳ ನಡುವೆ ಮುಳ್ಳು ಬಿಡಿಸಲು ಯಾರಿಗೆ ಪುರುಸೊತ್ತು ಮಾರಾಯರೇ? ತಾನೇ ಹಿಡಿದು ತಿನ್ನುವ ಮಗುವಿನ ಕಣ್ಣು ತನ್ನ ತಟ್ಟೆಯ ಮೇಲಿರುತ್ತದೆ, ಹೊಟ್ಟೆ ತುಂಬಿದಾಗ ತಾನೇ ನಿಲ್ಲಿಸುತ್ತದೆ. ಹಾಡಿಗೆ ತಕ್ಕಂತೆ ನುಂಗುವ ಮಗುವಿಗೆ ಹೊಟ್ಟೆಯ ಮಾತು ಕೇಳಿಸುವುದಿಲ್ಲ. ನಾಲ್ಕು ತಾಯಂದಿರು ಹೀಗೆ ಕಳುಹಿಸಲು ಒಪ್ಪಿದರೆ ಅಕ್ಕಂದಿರು ಚಮಚದಲ್ಲಿ ಉಣಿಸಬೇಕಾದ ಮಕ್ಕಳು ನಾಲ್ಕು ಕಡಿಮೆ. ಪಕ್ಕದಲ್ಲಿ ಸುಮ್ಮನೆ ಕುಳಿತು "ಇದು ಕ್ಯಾರೆಟ್, ಕೆಂಪು" ಎಂದರೂ ಸಾಕು. ತುಳುವಿನಲ್ಲಿ ಹೇಳಲಿ, ಕೊಂಕಣಿಯಲ್ಲಿ ಹೇಳಲಿ, ಮಗುವಿಗೆ ಎಲ್ಲವೂ ಲಾಭವೇ.

ಮಳೆಗಾಲಕ್ಕೆ ಬೇರೆ ಒಪ್ಪಂದ ಬೇಕಾಗುತ್ತದೆ. ರೆಡ್ ಅಲರ್ಟ್ ಎಂದು ಜಿಲ್ಲಾಧಿಕಾರಿಗಳು ಅಂಗನವಾಡಿಯಿಂದ ಹಿಡಿದು ಶಾಲೆ ಕಾಲೇಜುಗಳಿಗೆ ರಜೆ ಸಾರುತ್ತಾರೆ, ನಿಮ್ಮ ಕಂಪನಿಗೆ ರಜೆ ಇಲ್ಲ. ಆ ದಿನ ದೊಡ್ಡ ಮಕ್ಕಳೂ ಡೇ ಕೇರ್‌ಗೇ ಬಂದು ಬೀಳುತ್ತಾರೆ. ಅಂಥ ದಿನ ಅರ್ಧ ಗಂಟೆ ಟಿ.ವಿ. ಓಡಿದರೆ ಕಣ್ಣು ಮುಚ್ಚಿಕೊಳ್ಳಿ, ಸಣ್ಣವರನ್ನು ಬೇರೆ ಕೋಣೆಯಲ್ಲಿ ಕೂರಿಸಬಹುದೇ ಎಂದು ಮಾತ್ರ ಕೇಳಿ.

ಮಾಲಕರ ಜೊತೆ ಮಾತಾಡುವುದೂ ಇದೆ, ಆದರೆ ಟಿ.ವಿ. ಬಗ್ಗೆ ಅಲ್ಲ, ಕೈಗಳ ಬಗ್ಗೆ. ಕಚೇರಿಗಳ ಶಿಶುಪಾಲನಾ ಕೇಂದ್ರಗಳಿಗಾಗಿ ಕೇಂದ್ರ ಸರಕಾರ 2018ರಲ್ಲಿ ಕೊಟ್ಟ ಮಾರ್ಗಸೂಚಿಯಲ್ಲಿ, ಮೂರು ವರ್ಷದೊಳಗಿನ ಹತ್ತು ಮಕ್ಕಳಿಗೆ ತರಬೇತಾದ ಒಬ್ಬರು, ಜೊತೆಗೆ ಸಹಾಯಕಿ ಇರಬೇಕೆಂದಿದೆ. ಹತ್ತೊಂಬತ್ತಕ್ಕೆ ಇಬ್ಬರು ಎಂದರೆ ಮೇಲ್ನೋಟಕ್ಕೆ ಸರಿಯೇ, ಆದರೆ ಸಹಾಯಕಿ ಎಲ್ಲಿದ್ದಾರೆ? ಮಧ್ಯಾಹ್ನ ಹನ್ನೆರಡರಿಂದ ಎರಡರವರೆಗೆ ಒಬ್ಬರನ್ನು ಇಟ್ಟರೂ ಚಿತ್ರ ಬದಲಾಗುತ್ತದೆ. ಅದಕ್ಕಾಗಿ ತಿಂಗಳಿಗೆ ಇನ್ನೂರು ಮುನ್ನೂರು ರೂಪಾಯಿ ಹೆಚ್ಚು ಕೊಡಲು ಪಾಲಕರು ತಯಾರಿದ್ದಾರೆಯೇ ಎಂಬುದನ್ನೂ ನೀವೇ ಕೇಳಬೇಕಾದೀತು.

ನಿಮ್ಮ ಕಂಪನಿಯಲ್ಲಿ ಇನ್ನೂರು ಜನ ಎಂದಿರಿ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯಲ್ಲಿದ್ದ ನಿಯಮ ಈಗ ಅದರ ಜಾಗಕ್ಕೆ ಬಂದಿರುವ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇದೆ: ಐವತ್ತು ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು. ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿ ಬರಬಹುದು. ಬೇರೆಯವರೊಡನೆ ಸೇರಿ ನಡೆಸಿದರೂ ಆಗುತ್ತದೆ. ನಿಮ್ಮ ಎಚ್.ಆರ್. ವಿಭಾಗಕ್ಕೆ ಒಂದು ಮಿಂಚಂಚೆ ಕಳುಹಿಸಿ, ಇನ್ನಿಬ್ಬರು ತಾಯಂದಿರ ಸಹಿಯೂ ಇದ್ದರೆ ಚೆನ್ನ. ಹಕ್ಕೇನಿದೆ ಎಂದು ಕೇಳಿದಿರಲ್ಲ, ಇದು ಬರಹದಲ್ಲೇ ಇರುವ ಹಕ್ಕು.

ದೋಸೆ ಎರೆಯುವ ಹತ್ತು ನಿಮಿಷಕ್ಕೆ ನಿಮ್ಮನ್ನು ಯಾರೂ ನ್ಯಾಯಾಲಯಕ್ಕೆ ಎಳೆಯುವುದಿಲ್ಲ. ಬಿಸಿ ಕಾವಲಿ ತಲುಪದಷ್ಟು ದೂರದಲ್ಲಿ ಅವಳನ್ನು ಕೂರಿಸಿ ಒಂದು ಲೋಟ, ನಾಲ್ಕು ಚಮಚ ಕೊಟ್ಟು ನೋಡಿ. ಆಗದ ದಿನ ಆಗುವುದಿಲ್ಲ.

ಡೇ ಕೇರ್ ಬಿಡಿಸಬೇಕಾದ ಸಂದರ್ಭವೂ ಇದೆ. ಹಗಲಿನಲ್ಲಿ ನಿಮ್ಮನ್ನು ಒಳಗೆ ಬಿಡದಿದ್ದರೆ, ಬೆಳಿಗ್ಗೆಯಿಂದ ಸಂಜೆಯವರೆಗೂ ಟಿ.ವಿ. ಓಡುತ್ತಲೇ ಇದ್ದರೆ, "ನಿಮ್ಮೊಬ್ಬರದೇ ತಕರಾರು" ಎಂಬ ಉತ್ತರ ಬಂದರೆ, ಮಗಳು ಆ ಅಕ್ಕನತ್ತ ಹಾರುವುದನ್ನು ನಿಲ್ಲಿಸಿದರೆ, ಆಗ ತಿಂಗಳು ಮುಗಿಯುವವರೆಗೂ ಕಾಯಬೇಡಿ. ಸದ್ಯ ನನಗೆ ಅಲ್ಲಿ ಕಾಣುವುದು ಕೈ ಸಾಲದ ಇಬ್ಬರು ಹೆಂಗಸರು. ಮೂರು ವಾರ ಕೊಡಿ, ಹೇಳಿಯೇ ಒಮ್ಮೆ, ಹೇಳದೆ ಒಮ್ಮೆ ಊಟದ ಹೊತ್ತಿಗೆ ಹೋಗಿ ನೋಡಿ.

ಸೋಮವಾರದಿಂದ ಡಬ್ಬಿ ಬದಲಿಸುವಾಗ ಚೀಲದಲ್ಲಿ ಎರಡು ಅಂಗಿ ಹೆಚ್ಚು ಇಡಿ. ಮೊದಲ ವಾರ ತೊವ್ವೆ ಹೊಟ್ಟೆಗಿಂತ ಎದೆಯ ಮೇಲೆಯೇ ಜಾಸ್ತಿ ಇರುತ್ತದೆ.