ಎಂ.ಕಾಂ. ಓದಿ ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕುವುದು ಅರೆ ಉದ್ಯೋಗವೇ?

ಎಂ.ಕಾಂ. ಮುಗಿಸಿ ಮಂಡ್ಯದ ಬಟ್ಟೆ ಅಂಗಡಿಯೊಂದರಲ್ಲಿ ದಿನಕ್ಕೆ ಹತ್ತು ಗಂಟೆ ಬಿಲ್ ಹಾಕುತ್ತಿದ್ದೀರಿ. ಇದು ಅರೆ ಉದ್ಯೋಗವೋ, ಸಿಕ್ಕ ಕೆಲಸಕ್ಕೆ ನೀವು ಗೊಣಗುತ್ತಿದ್ದೀರೋ ಎಂದು ಕೇಳಿದ್ದೀರಿ. ಗೊಣಗಾಟವಲ್ಲ. ಆದರೆ ಅರೆ ಉದ್ಯೋಗದಲ್ಲಿ ಎರಡು ಬಗೆ: ಓದಿಗೆ ತಕ್ಕ ಕೆಲಸ ಸಿಗದಿರುವುದು, ದುಡಿಯಲು ಸಾಕಷ್ಟು ಗಂಟೆ ಸಿಗದಿರುವುದು. ನಿಮ್ಮದು ಮೊದಲನೆಯದು, ನನ್ನದು ಎರಡನೆಯದು.

ನಾನು ಮಾನಸಗಂಗೋತ್ರಿಯಲ್ಲಿ ಅರ್ಥಶಾಸ್ತ್ರ ಎಂ.ಎ. ಮಾಡಿ, ಪದವಿ ಕಾಲೇಜೊಂದರಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೇನೆ. ಓದಿದ್ದನ್ನೇ ಪಾಠ ಮಾಡುತ್ತೇನೆ, ಆ ಮಟ್ಟಿಗೆ ಪುಣ್ಯವಂತೆ. ನನಗೆ ಕೊರತೆ ಇರುವುದು ಗಂಟೆಗಳದು. ವೇಳಾಪಟ್ಟಿ ಹಾಕುವಾಗ ಮೊದಲು ಕಾಯಂ ಅಧ್ಯಾಪಕರ ಪಾಲು, ಮಿಕ್ಕ ಕಾರ್ಯಭಾರವನ್ನು ನಾವು ಹಂಚಿಕೊಳ್ಳಬೇಕು. ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಒಂದು ತರಗತಿ, ಮಧ್ಯಾಹ್ನ ಮೂರಕ್ಕೆ ಮತ್ತೊಂದು. ನಡುವೆ ಗ್ರಂಥಾಲಯದಲ್ಲಿ ಕುಳಿತು ಪತ್ರಿಕೆಯನ್ನು ಸಂಪಾದಕೀಯದಿಂದ ಟೆಂಡರ್ ಪ್ರಕಟಣೆಯವರೆಗೆ ಓದಿ ಮುಗಿಸುತ್ತೇನೆ. ಸಂಬಳ ಗಂಟೆಗಳ ಲೆಕ್ಕದ್ದು, ಸೆಮಿಸ್ಟರ್ ಮುಗಿದರೆ ಅದೂ ಇಲ್ಲ. ಮನೆ ಬಾಡಿಗೆಗೆ ಸಂಜೆ ಕುವೆಂಪುನಗರದ ಟ್ಯೂಷನ್ನೇ ಗತಿ.

1998ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನ ಗಂಟೆಗಳ ಕೊರತೆಯ ಅರೆ ಉದ್ಯೋಗಕ್ಕೆ ಹಾಕಿಕೊಟ್ಟ ಅಳತೆಗೆ ನಾನು ಸರಿಯಾಗಿ ಹೊಂದುತ್ತೇನೆ: ಇನ್ನಷ್ಟು ಹೊತ್ತು ದುಡಿಯುವ ಮನಸ್ಸಿರಬೇಕು, ದುಡಿಯಲು ಬಿಡುವಿರಬೇಕು, ಈಗ ದುಡಿಯುತ್ತಿರುವುದು ನಿಗದಿತ ಗಂಟೆಗಳಿಗಿಂತ ಕಡಿಮೆ ಇರಬೇಕು. ದಿನಕ್ಕೆ ಹತ್ತು ಗಂಟೆ ನಿಂತು ಕಾಲು ನೋಯಿಸಿಕೊಳ್ಳುವ ನೀವು ಈ ಅಳತೆಗೆ ಸಿಗುವುದಿಲ್ಲ. ಕೌಶಲಕ್ಕೆ ತಕ್ಕ ಕೆಲಸವಿಲ್ಲದವರನ್ನು ಅದೇ ಸಮ್ಮೇಳನ ಬೇರೆ ಗುಂಪಿಗೆ ಸೇರಿಸಿತು. ನೀವು ಅಲ್ಲಿದ್ದೀರಿ.

ನಮ್ಮ ದೇಶದ ನಿರುದ್ಯೋಗ ದರದಲ್ಲಂತೂ ನಾವಿಬ್ಬರೂ ಕಾಣುವುದಿಲ್ಲ. 2017ರಿಂದ ನಡೆಯುತ್ತಿರುವ ಕೇಂದ್ರದ ಕಾರ್ಮಿಕ ಪಡೆ ಸಮೀಕ್ಷೆಯಲ್ಲಿ ವಾರದ ಸ್ಥಿತಿಯ ಲೆಕ್ಕವೊಂದಿದೆ. ಹಿಂದಿನ ಏಳು ದಿನಗಳಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು, ಉದ್ಯೋಗಸ್ಥರು! ಸಂಬಳವಿಲ್ಲದೆ ಮನೆಯ ಜಮೀನಿನಲ್ಲಿ ಕೈಜೋಡಿಸುವವರೂ ಉದ್ಯೋಗಸ್ಥರೇ. ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಒಂದೆಕರೆ ಗದ್ದೆಗೆ ಅಣ್ಣತಮ್ಮಂದಿರು ಮೂವರು ಅಂಟಿಕೊಂಡಿರುತ್ತಾರೆ. ಒಬ್ಬ ಬೆಂಗಳೂರಿಗೆ ಹೋದರೂ ಇಳುವರಿ ಒಂದು ಮೂಟೆಯೂ ಇಳಿಯುವುದಿಲ್ಲ. ಪಠ್ಯದಲ್ಲಿ ಅದಕ್ಕೆ ಮರೆಮಾಚಿದ ನಿರುದ್ಯೋಗ ಎನ್ನುತ್ತೇವೆ. ನಾಲೆ ನಿಂತ ತಿಂಗಳುಗಳಲ್ಲಿ ಮರೆಮಾಚುವುದಕ್ಕೂ ಏನೂ ಉಳಿದಿರುವುದಿಲ್ಲ.

ಯುವನಿಧಿ ಸಿಗುತ್ತದೆಯೇ ಎಂದೂ ಕೇಳಿದ್ದೀರಿ. ಸಿಗುವುದಿಲ್ಲ. ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಆ ಯೋಜನೆ ಕೆಲಸವೇ ಇಲ್ಲದವರಿಗೆ. ಅರ್ಧ ಕೆಲಸ ಇರುವವರಿಗೆ ಅಲ್ಲಿ ಖಾನೆಯಿಲ್ಲ.

ನನ್ನ ಬಗೆಯವರು ಗಂಟೆಗಳನ್ನು ಬೇರೆ ಕಡೆ ತುಂಬಿಸಿಕೊಂಡು ಹೇಗೋ ದಿನ ದೂಡುತ್ತೇವೆ. ನನಗೆ ಹೆಚ್ಚು ಚಿಂತೆ ನಿಮ್ಮ ಬಗೆಯವರದು, ಏಕೆಂದರೆ ಬಳಸದ ಓದು ಕೈಬಿಟ್ಟು ಹೋಗುತ್ತದೆ, ಸಂದರ್ಶನ ಮಾಡುವವರು ನಿಮ್ಮ ಪದವಿಗಿಂತ ಕೊನೆಯ ಕೆಲಸವನ್ನೇ ನೋಡುತ್ತಾರೆ. ‘ಯಾವ ಕೆಲಸವಾದರೇನು, ದುಡಿಮೆಯೇ ದೇವರು’ ಎಂದು ಉಪದೇಶ ಮಾಡುವ ನೆಂಟರ ಮಾತಿಗೆ ತಲೆಯಾಡಿಸಿ ಸುಮ್ಮನಿದ್ದುಬಿಡಿ.

ಹಾಗೆಂದು ನಾಳೆಯೇ ರಾಜೀನಾಮೆ ಕೊಡಬೇಡಿ. ನೀವು ಹಾಕಿದ ಬಿಲ್ಲುಗಳೇ ತಿಂಗಳ ಕೊನೆಗೆ ಲೆಕ್ಕಿಗರ ಮೇಜಿಗೆ ಹೋಗುತ್ತವೆ. ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸುವ ಅಂಗಡಿಯಾದರೆ ಮುಂದಿನ ತಿಂಗಳ 11ರೊಳಗೆ ಮಾರಾಟದ ವಿವರವಾದ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಕಟ್ಟುವ ಜಿಎಸ್‌ಟಿಆರ್-3ಬಿ ಸಲ್ಲಿಕೆ ಆಗಬೇಕು. ಆ ದಿನಗಳಲ್ಲಿ ಲೆಕ್ಕಿಗರ ಪಕ್ಕ ಕುಳಿತುಕೊಳ್ಳಲು ಬಿಡಿ ಎಂದು ಮಾಲೀಕರನ್ನು ಕೇಳಿ. ಅವರಿಗೆ ಖರ್ಚಿಲ್ಲ, ಬಹುಶಃ ಬೇಡವೆನ್ನಲಾರರು. ಕೈ ಪಳಗಿದ ಮೇಲೆ ಅರ್ಜಿಯಲ್ಲಿ ‘ಬಿಲ್ಲಿಂಗ್ ಸಹಾಯಕ’ ಎಂದಷ್ಟೇ ಬರೆಯದೆ, ಜಿಎಸ್‌ಟಿ ವಿವರ ಸಿದ್ಧಪಡಿಸಿದ ಅನುಭವವನ್ನು ಮೊದಲ ಸಾಲಿನಲ್ಲೇ ಬರೆಯಿರಿ.